ಸೋಮವಾರ ಬೆಳಿಗ್ಗೆ ಮಾತ್ರ ಸ್ಲೋ ಆಗುವ ನೆಟ್‌ವರ್ಕ್: ಕಾರವಾರ ಶಾಖೆಯ ದೋಷ ಹುಡುಕಿದ ಬಗೆ

ಲಕ್ಷಣ

ಕಾರವಾರ ಶಾಖೆಯಿಂದ ಫೋನ್ ಬಂದರೆ ಮಾತು ಒಂದೇ. "ಸಿಸ್ಟಮ್ ಸ್ಲೋ ಇದೆ." ಕೌಂಟರ್‌ನಲ್ಲಿ ಸದಸ್ಯರ ಖಾತೆ ತೆಗೆದರೆ ಪರದೆ ಬೆಳ್ಳಗಾಗಿ ನಿಲ್ಲುತ್ತದೆ. ಚಕ್ರ ಸುತ್ತುತ್ತಲೇ ಇರುತ್ತದೆ. ಅರ್ಧ ನಿಮಿಷ ಬಿಟ್ಟು ಖಾತೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಪಾಸ್‌ಬುಕ್ ಹಿಡಿದವರ ಸಾಲು ಬಾಗಿಲವರೆಗೆ ಬೆಳೆಯುತ್ತದೆ. ಹನ್ನೊಂದು ಗಂಟೆ ಹೊತ್ತಿಗೆ ಎಲ್ಲ ತಾನಾಗಿ ಸರಿಯಾಗುತ್ತದೆ.

ನಾನು ಶಿರಸಿಯಲ್ಲಿ ಒಂದು ಸಹಕಾರಿ ಸಂಘದ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಸರ್ವರ್ ಇರುವುದು ನಮ್ಮ ಮುಖ್ಯ ಕಚೇರಿಯಲ್ಲಿ. ಕುಮಟಾ, ಅಂಕೋಲಾ, ಕಾರವಾರ ಶಾಖೆಗಳು ವಿಪಿಎನ್ (ಇಂಟರ್ನೆಟ್ ಮೇಲೆಯೇ ಮಾಡಿಕೊಂಡ ಖಾಸಗಿ ದಾರಿ) ಮೂಲಕ ಅದಕ್ಕೆ ಸೇರುತ್ತವೆ. ಈ ದೋಷ ಒಂದು ಮಳೆಗಾಲದಲ್ಲಿ ನಮ್ಮ ಏಳು ವಾರ ತಿಂದುಹಾಕಿತು. ಅದನ್ನು ಹುಡುಕಿದ ಬಗೆಯನ್ನು ಪೂರ್ತಿ ಬರೆದಿಡುತ್ತಿದ್ದೇನೆ, ನಾವು ದಾರಿ ತಪ್ಪಿದ ಜಾಗಗಳ ಸಮೇತ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು "ಒಳ್ಳೆ ಅಡ್ಮಿನ್ ಆಗಬೇಕಾದರೆ ಏನು ಕಲೀಬೇಕು?" ಎಂದು ಕೇಳುತ್ತಾರೆ. ಆಗೆಲ್ಲ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ಏಳು ವಾರ ಹೋದದ್ದು ಹೇಗೆ

ಮೊದಲ ಸೋಮವಾರ ಹತ್ತೂಕಾಲಿಗೆ ಫೋನ್ ಬಂತು. ನಾನು ಹತ್ತು ನಲವತ್ತಕ್ಕೆ ಸರ್ವರ್ ರೀಸ್ಟಾರ್ಟ್ ಮಾಡಿದೆ. ಹನ್ನೊಂದಕ್ಕೆ "ಸರಿಯಾಯ್ತು ಸಾರ್" ಎಂದರು. ಡೈರಿಯಲ್ಲಿ ಹಾಗೇ ಬರೆದೆ: ಸರ್ವರ್ ರೀಸ್ಟಾರ್ಟ್, ಸರಿಯಾಯಿತು. ಮುಂದಿನ ಸೋಮವಾರವೂ ಅದೇ ಕಥೆ, ಅದೇ ಮದ್ದು. ಮೂರನೇ ಬಾರಿ ಹೊತ್ತಿಗೆ ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸತ್ಯವಾಗಿ ಬಿಟ್ಟಿತ್ತು: ಭಾನುವಾರ ರಜೆಯಾದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡಬೇಕು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೇ. ನಾವು ಏನು ಮಾಡಿದ್ದರೂ, ಏನೂ ಮಾಡದೆ ಚಾ ಕುಡಿದಿದ್ದರೂ, ಹನ್ನೊಂದಕ್ಕೆ ಅದು ಸರಿಯಾಗುತ್ತಿತ್ತು. ಆದರೆ ರೀಸ್ಟಾರ್ಟ್ ಆದಾಗೆಲ್ಲ ಕುಮಟಾ, ಅಂಕೋಲಾದವರು ನಡುಕೆಲಸದಲ್ಲಿ ಹೊರಬೀಳುತ್ತಿದ್ದರು. ರೋಗ ಇಲ್ಲದವರಿಗೂ ಮದ್ದು ಕುಡಿಸಿದ ಹಾಗಾಯಿತು.

ದೋಷ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಬಲೆ ಇಲ್ಲ ಎಂದು ಈಗಲೂ ನಂಬುತ್ತೇನೆ. ಸರಿಯಾಗದ ಮದ್ದು ನಮ್ಮನ್ನು ಅಷ್ಟು ಕೆಡಿಸುವುದಿಲ್ಲ. ಬೇರೆ ಕಾರಣಕ್ಕೆ ಸರಿಯಾಗಿ, ಹೆಸರು ಮಾತ್ರ ತಾನು ತೆಗೆದುಕೊಳ್ಳುವ ಮದ್ದು ಕೆಡಿಸುತ್ತದೆ. ಅದು ಹುಡುಕಾಟವನ್ನೇ ನಿಲ್ಲಿಸಿಬಿಡುತ್ತದೆ.

ನಾಲ್ಕನೇ ವಾರ, ರೀಸ್ಟಾರ್ಟ್ ಮಾಡಿದ ಮೇಲೂ ಇಪ್ಪತ್ತು ನಿಮಿಷ ಸ್ಲೋ ಇರುವುದು ಕಣ್ಣಿಗೆ ಬಿತ್ತು. ಆಗ ಸಂಶಯ ಇಂಟರ್ನೆಟ್ ಕಡೆ ತಿರುಗಿತು. ದೂರು ಕೊಟ್ಟೆವು. ಲೈನ್ ನೋಡುವ ಹುಡುಗ ಎರಡು ಸಲ ಬಂದ. ಎರಡು ಸಲವೂ ಮಧ್ಯಾಹ್ನ. ಫೈಬರ್ ತುದಿಯಲ್ಲಿ ಬೆಳಕಿನ ಮಟ್ಟ ಅಳೆದ, ಮೈನಸ್ 21 ಡಿಬಿಎಂ ಬಂತು. ಮನೆ, ಕಚೇರಿಗಳಿಗೆ ಬರುವ ಜಿಪಾನ್ ಫೈಬರ್‌ನಲ್ಲಿ ಇದು ಸಾಮಾನ್ಯವಾಗಿ ಮೈನಸ್ 8ರಿಂದ ಮೈನಸ್ 27ರೊಳಗೆ ಇದ್ದರೆ ಸಾಕು. ಅವನ ಕಡೆ ಎಲ್ಲ ಸರಿ ಇತ್ತು. ಅವನು ಹೇಳಿದ್ದು ನಿಜ. ಆದರೂ ನಾವು ಇನ್ನೊಂದು ವಾರ ಅವನ ಮೇಲೇ ಹಾಕುತ್ತಾ ಕೂತೆವು.

ಮೊದಲು ಕೇಳಿ, ಆಮೇಲೆ ಮುಟ್ಟಿ

ಆರನೇ ವಾರ ಕೈ ಕಟ್ಟಿ ಕೂತು ಯೋಚನೆ ಮಾಡಿದೆ. ನಮ್ಮಲ್ಲಿ ಯಾರೂ ಸರಿಯಾದ ಪ್ರಶ್ನೆಯನ್ನೇ ಕೇಳಿರಲಿಲ್ಲ.

"ಸ್ಲೋ" ಅಂದರೆ ಏನು? ಎಲ್ಲ ಪರದೆಗಳೂ ಸ್ಲೋನಾ, ಒಂದೇನಾ? ಎಲ್ಲ ಕಂಪ್ಯೂಟರ್‌ಗಳಲ್ಲೂ ಇದೆಯಾ? ಪ್ರಿಂಟ್ ಕೊಟ್ಟರೆ ಹೋಗುತ್ತದಾ? ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ? ಇದೇ ಹೊತ್ತಿನಲ್ಲಿ ಕುಮಟಾದಲ್ಲಿ ಹೇಗಿದೆ? ಈ ಕೊನೆಯ ಪ್ರಶ್ನೆ ಒಂದನ್ನೇ ಮೊದಲ ದಿನ ಕೇಳಿದ್ದರೆ ಸರ್ವರ್ ಮೇಲಿನ ಸಂಶಯ ಅಲ್ಲಿಗೇ ಹೋಗುತ್ತಿತ್ತು. ಅದೇ ಸರ್ವರ್, ಅದೇ ಸೋಮವಾರ, ಅದೇ ಹತ್ತು ಗಂಟೆ. ಕುಮಟಾದಲ್ಲಿ ಎಲ್ಲ ಚೆನ್ನಾಗಿತ್ತು.

ಕಾರವಾರದ ಕ್ಯಾಷಿಯರ್ ಮೇಡಂಗೆ ಒಂದು ಕೆಲಸ ಹೇಳಿದೆ. ಎರಡು ವಾರ ಒಂದು ಹಾಳೆಯಲ್ಲಿ ಬರೆಯಿರಿ: ದಿನ, ಸ್ಲೋ ಶುರುವಾದ ಹೊತ್ತು, ಬಿಟ್ಟ ಹೊತ್ತು. ಬೇರೆ ಏನಾದರೂ ಕಂಡರೆ ಅದನ್ನೂ. ಅವರು ನೀಲಿ ಪೆನ್ನಿನಲ್ಲಿ ಗೆರೆ ಎಳೆದು, ಅಚ್ಚುಕಟ್ಟಾಗಿ ಬರೆದರು. ಆ ಹಾಳೆ ನನ್ನ ಹತ್ತಿರ ಈಗಲೂ ಇದೆ. ಸೋಮವಾರ 9:45ರಿಂದ 11:00. ಮಂಗಳವಾರ 9:45ರಿಂದ 10:15. ಮೊಹರಂ ರಜೆಯ ಮರುದಿನ ಮತ್ತೆ 11:00. ಒಂದು ಬುಧವಾರ ಮಾತ್ರ ಇಡೀ ದಿನ ಸ್ಲೋ. ಆ ಬುಧವಾರದ ಸಾಲಿನ ಪಕ್ಕ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿದ್ದರು: "ಎಸಿ ಕೆಟ್ಟಿತ್ತು, ಸೆಕೆ."

ಅವರು ಸೆಕೆಯ ಬೇಸರಕ್ಕೆ ಬರೆದ ಮಾತು ಅದು. ನನಗೆ ಮಾತ್ರ ಮೈ ಜುಂ ಎಂದಿತು. ಎಸಿ ಇಲ್ಲದ ದಿನ ದೋಷ ಹೋಗಲೇ ಇಲ್ಲ. ಎಸಿ ಇರುವ ದಿನ, ಅದು ಒಂದು ತಾಸು ಓಡಿದ ಮೇಲೆ ಹೋಗುತ್ತದೆ. ರಜೆ ಜಾಸ್ತಿ ಇದ್ದಷ್ಟೂ ಹೋಗಲು ಹೊತ್ತು ಜಾಸ್ತಿ. ಅಂದರೆ ಇದಕ್ಕೂ ಗಾಳಿಯ ತೇವಕ್ಕೂ ಸಂಬಂಧ ಇರಬಹುದು ಅಲ್ವಾ?

ಇರಬಹುದು, ಅಷ್ಟೇ. ಇನ್ನೂ ಗೊತ್ತಾಗಿಲ್ಲ. ಒಳ್ಳೆ ಅಂದಾಜು ಹೊಳೆದ ಕೂಡಲೇ ಕೈ ಓಡುತ್ತದೆ. ಆ ಹೊತ್ತಿನಲ್ಲೇ ಕೈಯನ್ನು ಹಿಡಿಯಬೇಕು.

ದಾರಿಯನ್ನು ಅರ್ಧ ಮಾಡಿ

ಭಾನುವಾರ ಸಂಜೆ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಹೋದೆ. ದೋಷ ಇರುವ ಹೊತ್ತಿಗೆ ದೋಷದ ಎದುರೇ ಇರಬೇಕು. ಲೈನ್ ಹುಡುಗ ಮಧ್ಯಾಹ್ನ ಬಂದು ಏನೂ ಕಾಣದೆ ಹೋದದ್ದಕ್ಕೆ ಅವನನ್ನು ದೂರಿ ಪ್ರಯೋಜನ ಇಲ್ಲ. ಆ ಹೊತ್ತಿಗೆ ಅಲ್ಲಿ ಏನೂ ಇರಲಿಲ್ಲ.

ಕೌಂಟರ್‌ನಿಂದ ಸರ್ವರ್‌ವರೆಗಿನ ದಾರಿಯನ್ನು ಹಾಳೆಯ ಮೇಲೆ ಬರೆದುಕೊಂಡೆ. ಕೌಂಟರ್ ಕಂಪ್ಯೂಟರ್, ಹಾಲ್‌ನ ಸ್ವಿಚ್ (ಕಂಪ್ಯೂಟರ್ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ), ಗೋಡೆಗುಂಟ ಹೋಗುವ ಕೇಬಲ್, ಹಿಂದಿನ ಕೋಣೆಯ ರೌಟರ್, ಫೈಬರ್ ಪೆಟ್ಟಿಗೆ, ಹೊರಗಿನ ಲೈನ್, ಶಿರಸಿಯ ರೌಟರ್, ಸರ್ವರ್. ಎಂಟು ಜಾಗ. ಒಂದೊಂದಾಗಿ ನೋಡುತ್ತಾ ಹೋದರೆ ದಿನ ಮುಗಿಯುತ್ತದೆ. ನಡುವೆ ಒಂದು ಕಡೆ ನಿಂತು ಕೇಳಬೇಕು: ದೋಷ ಈ ಕಡೆ ಇದೆಯೋ, ಆ ಕಡೆಯೋ?

ಸೋಮವಾರ 9:50ಕ್ಕೆ ಕೌಂಟರ್ ಕಂಪ್ಯೂಟರ್‌ನಿಂದ ಅದೇ ಕಟ್ಟಡದ ರೌಟರ್‌ಗೆ ಪಿಂಗ್ ಕೊಟ್ಟೆ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದಾ ಎಂದು ನೋಡಿದೆ. ವಿಂಡೋಸ್‌ನಲ್ಲಿ ಸುಮ್ನೆ ಪಿಂಗ್ ಎಂದು ಹೊಡೆದರೆ 32 ಬೈಟ್‌ನ ನಾಲ್ಕು ಪ್ಯಾಕೆಟ್ (ಮಾಹಿತಿಯ ತುಣುಕು) ಹೋಗುತ್ತವೆ. ನಾಲ್ಕೂ ವಾಪಸ್ ಬಂದವು. ಹಿಂದಿನ ವಾರಗಳಲ್ಲಿ ಫೋನಿನಲ್ಲಿ ಇದನ್ನೇ ಮಾಡಿಸಿ "ನೆಟ್‌ವರ್ಕ್ ಚೆನ್ನಾಗಿದೆ" ಎಂದು ತೀರ್ಮಾನಿಸಿದ್ದೆವು. ಈ ಸಲ 500 ಕಳಿಸಿದೆ. ಒಂದು ಬರಲಿಲ್ಲ. ಆಮೇಲೆ ಗಾತ್ರವನ್ನು 1400 ಬೈಟ್‌ಗೆ ಏರಿಸಿ ಮತ್ತೆ 500 ಕಳಿಸಿದೆ. 19 ಬರಲಿಲ್ಲ.

ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ತಂತಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ ಕೆಡುತ್ತಿದ್ದರೆ, ಉದ್ದದ ಪ್ಯಾಕೆಟ್ ಸಿಕ್ಕಿಬೀಳುವ ಸಂಭವ ಜಾಸ್ತಿ. ಒಂದೇ ಒಂದು ಬಿಟ್ ಕೆಟ್ಟರೂ ಇಡೀ ಪ್ಯಾಕೆಟ್ ಬಿಸಾಡಲ್ಪಡುತ್ತದೆ. ಸಣ್ಣದು ಸಲೀಸಾಗಿ ದಾಟುತ್ತದೆ, ದೊಡ್ಡದು ಬೀಳುತ್ತದೆ. ಹೀಗಿದ್ದಾಗ ಸಾಫ್ಟ್‌ವೇರ್‌ಗಿಂತ ಮೊದಲು ತಂತಿ, ಕನೆಕ್ಟರ್, ಕೇಬಲ್ ಚುಚ್ಚುವ ಪೋರ್ಟ್‌ಗಳನ್ನು ನೋಡಬೇಕು. ನೂರಕ್ಕೆ ನಾಲ್ಕು ಪ್ಯಾಕೆಟ್ ಬಿದ್ದರೆ ಕೆಲಸವೂ ನೂರಕ್ಕೆ ನಾಲ್ಕರಷ್ಟೇ ನಿಧಾನವಾಗುತ್ತದೆ ಎಂದುಕೊಳ್ಳಬೇಡಿ. ಪ್ಯಾಕೆಟ್ ಬಿದ್ದಾಗೆಲ್ಲ ಟಿಸಿಪಿ (ಪ್ಯಾಕೆಟ್ ತಲುಪಿತಾ ಎಂದು ನೋಡಿಕೊಳ್ಳುವ ವ್ಯವಸ್ಥೆ) "ದಾರಿಯಲ್ಲಿ ದಟ್ಟಣೆ ಇದೆ" ಎಂದುಕೊಂಡು ವೇಗ ಇಳಿಸುತ್ತದೆ, ಕಾಯುತ್ತದೆ, ಮತ್ತೆ ಕಳಿಸುತ್ತದೆ. ಕೌಂಟರ್‌ನಲ್ಲಿ ಚಕ್ರ ಸುತ್ತುವುದು ಆಗಲೇ.

ಇದಕ್ಕೆ ಹಿಡಿದ ಹೊತ್ತು ಇಪ್ಪತ್ತು ನಿಮಿಷ. ಫೈಬರ್, ಹೊರಗಿನ ಲೈನ್, ಶಿರಸಿ, ಸರ್ವರ್, ಎಲ್ಲದರ ಮೇಲಿನ ಸಂಶಯ ಹೋಯಿತು. ದೋಷ ಈ ಕಟ್ಟಡದ ಒಳಗೇ ಇತ್ತು.

ಸ್ವಿಚ್ಚಿಗೆ ಕಂಪ್ಯೂಟರ್ ಮೂಲಕ ಲಾಗಿನ್ ಆಗಿ ರೌಟರ್ ಕಡೆಯ ಪೋರ್ಟ್ ನೋಡಿದೆ. ವೇಗ ಸೆಕೆಂಡಿಗೆ 1000 ಮೆಗಾಬಿಟ್ ಇರಬೇಕಾದಲ್ಲಿ 100 ಇತ್ತು. ಸಿಆರ್‌ಸಿ ತಪ್ಪುಗಳ (ದಾರಿಯಲ್ಲಿ ಕೆಟ್ಟು ಬಂದ ಪ್ಯಾಕೆಟ್ಟುಗಳ) ಎಣಿಕೆ ಕಣ್ಣೆದುರೇ ಏರುತ್ತಿತ್ತು. ಪೋರ್ಟ್ ಕೆಟ್ಟಿದೆಯೋ ಎಂದು ಅದೇ ಕೇಬಲ್ ತೆಗೆದು ಪಕ್ಕದ ಪೋರ್ಟ್‌ಗೆ ಹಾಕಿದೆ. ತಪ್ಪುಗಳೂ ಜೊತೆಗೇ ಬಂದವು. ಪೋರ್ಟ್ ಸರಿ ಇದೆ, ಕೇಬಲ್ ಹಿಡಿದು ಹೋಗಬೇಕು.

ಕಿಟಕಿಯ ಹತ್ತಿರ

ಕೇಬಲ್ ಗೋಡೆಗುಂಟ ಹೋಗಿ, ಸಮುದ್ರದ ಕಡೆಯ ಕಿಟಕಿಯ ಚೌಕಟ್ಟಿನ ಹಿಂದೆ ಮರೆಯಾಗುತ್ತಿತ್ತು. ಅಲ್ಲಿ ಕೈ ಹಾಕಿದರೆ ಒಂದು ಕಪ್ಲರ್ ಸಿಕ್ಕಿತು. ಎರಡು ಕೇಬಲ್ ಕೂಡಿಸುವ, ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ತುಂಡು. ಎರಡು ವರ್ಷದ ಹಿಂದೆ ಕೌಂಟರ್ ಜಾಗ ಬದಲಾಯಿಸಿದಾಗ ಕೇಬಲ್ ಮೂರು ಮೀಟರ್ ಕಡಿಮೆ ಬಿತ್ತಂತೆ. ಯಾರೋ ಇದನ್ನು ಹಾಕಿ ಮುಗಿಸಿದ್ದರು. ಎಲ್ಲೂ ಬರೆದಿಟ್ಟಿರಲಿಲ್ಲ.

ಕಸ ಗುಡಿಸುವ ಅಕ್ಕ ಅಲ್ಲೇ ನಿಂತಿದ್ದರು. ಈ ಕಿಟಕಿ ಯಾವಾಗ ತೆಗೆಯುತ್ತೀರಿ ಎಂದು ಕೇಳಿದೆ. "ದಿನಾ ಎಂಟಕ್ಕೆ ಬಂದ್ಕೂಡ್ಲೆ ತೆಗಿತೆ. ನೆಲ ಒರಸಿ, ಒಣಗಿದ ಮೇಲೆ ಹಾಕ್ತೆ. ರಜೆ ಆದ ಮರುದಿವಸ ವಾಸನೆ ಬರ್ತದೆ, ಅವತ್ತು ಜಾಸ್ತಿ ಹೊತ್ತು ಬಿಡ್ತೆ." ಏಳು ವಾರದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

ಕಪ್ಲರ್ ಬಿಚ್ಚಿ, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಎಂಟು ತೆಳ್ಳನೆಯ ತಂತಿಗಳು ಸಾಲಾಗಿ ಬಾಗಿ ನಿಂತಿವೆ. ಐದು ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿವೆ. ಮೂರರ ಮೇಲೆ ಹಸಿರು ಪುಡಿ. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟರೆ ಹಿಡಿಯುತ್ತದಲ್ಲ, ಅದೇ ಕಿಲುಬು. ಹಿಡಿದದ್ದು 3, 7 ಮತ್ತು 8ನೇ ತಂತಿಗೆ. ಗಿಗಾಬಿಟ್, ಅಂದರೆ ಆ 1000ದ ವೇಗ, ಓಡಲು ಎಂಟೂ ತಂತಿ ಬೇಕು. 7 ಮತ್ತು 8 ಸೋತರೆ ವೇಗ 100ಕ್ಕೆ ಇಳಿಯುತ್ತದೆ, ಏಕೆಂದರೆ ಅದಕ್ಕೆ 1, 2, 3, 6 ಇದ್ದರೆ ಸಾಕು. 3ನೇದೂ ಅರೆಬರೆ ಹಿಡಿಯುತ್ತಿದ್ದರೆ ಆ 100ರಲ್ಲೂ ಪ್ಯಾಕೆಟ್ ಕೆಡುತ್ತವೆ. ಕಂಡ ಎರಡು ಲಕ್ಷಣಕ್ಕೂ ಉತ್ತರ ಆ ಮೂರು ತಂತಿಗಳಲ್ಲಿತ್ತು.

ಮಧ್ಯಾಹ್ನ ಏಕೆ ಸರಿಯಾಗುತ್ತಿತ್ತು? ಕಡಲ ಗಾಳಿಯ ಜೊತೆ ಬಂದ ಉಪ್ಪು ಸಣ್ಣ ಪದರವಾಗಿ ಕೂತಿರುತ್ತದೆ. ಗಾಳಿಯ ತೇವ ಶೇಕಡಾ 75ರ ಸುಮಾರಿಗೆ ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರೆಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಡಬ್ಬದ ಉಪ್ಪು ನೀರಾಗುವುದನ್ನು ಕರಾವಳಿಯ ಪ್ರತಿ ಮನೆಯಲ್ಲೂ ನೋಡಿದ್ದೇವೆ. ತಂತಿಯ ಮೇಲೂ ಅದೇ ಆಗುತ್ತದೆ. ಎಸಿ ಓಡಿ ಕೋಣೆಯ ತೇವ ಇಳಿದರೆ ಪದರ ಒಣಗುತ್ತದೆ. ಒಂದು ತಾಸಿನ ಲೆಕ್ಕ ಅದು.

ಬೇಕೆಂದಾಗ ಬರಿಸಿ, ಬೇಕೆಂದಾಗ ಹೋಗಿಸಿ

ಇಲ್ಲಿಗೆ ಕಪ್ಲರ್ ಬದಲಾಯಿಸಿ ಘಟ್ಟ ಹತ್ತಬಹುದಿತ್ತು. ಆದರೆ ಮೊದಲ ಮೂರು ಸೋಮವಾರವೂ "ಸಿಕ್ಕಿತು" ಎಂದೇ ಅಂದುಕೊಂಡಿದ್ದೆವು.

ನಮ್ಮ ಅಪ್ಪ ತೋಟಕ್ಕೆ ಬೋರ್ಡೋ ಹೊಡೆಯುವ ಮುಂಚೆ ಒಂದು ಕೆಲಸ ಮಾಡುತ್ತಿದ್ದರು. ಕೊಳೆರೋಗ ಬಾರದ ಹಾಗೆ ಮಳೆಗಾಲದ ಮೊದಲು ಅಡಿಕೆ ಗೊನೆಗೆ ಹೊಡೆಯುವ ಮದ್ದು ಅದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕೂಡಿಸಿ ಆದ ಮೇಲೆ ಕಬ್ಬಿಣದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಿದ್ದರು. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು. ಕೂರದಿದ್ದರೆ ಹೊಡೆಯಬಹುದು. ಬಣ್ಣ ಚೆನ್ನಾಗಿ ಕಂಡರೂ ಚಾಕು ಅದ್ದದೆ ಪಂಪ್ ಎತ್ತುತ್ತಿರಲಿಲ್ಲ. ಹೌದು ಇಲ್ಲ ಎರಡರಲ್ಲಿ ಒಂದನ್ನು ಖಂಡಿತ ಹೇಳುವ ಪರೀಕ್ಷೆ ಹಾಗಿರಬೇಕು.

ಮಧ್ಯಾಹ್ನ ಎರಡಕ್ಕೆ, ಎಲ್ಲ ಚೆನ್ನಾಗಿ ಓಡುತ್ತಿದ್ದಾಗ, ಮ್ಯಾನೇಜರ್ ಹತ್ತಿರ ಕೇಳಿ ಎಸಿ ನಿಲ್ಲಿಸಿ ಕಿಟಕಿ ತೆಗೆಸಿದೆ. ಹೊರಗೆ ಜಿಟಿಜಿಟಿ ಮಳೆ. ಐವತ್ತು ನಿಮಿಷಕ್ಕೆ ತಪ್ಪುಗಳ ಎಣಿಕೆ ಏರತೊಡಗಿತು, ವೇಗ 100ಕ್ಕೆ ಬಿತ್ತು. ದೋಷವನ್ನು ಕರೆದು ತಂದ ಹಾಗಾಯಿತು. ಆಗ ಶಿರಸಿಯಿಂದ ತಂದಿದ್ದ ಉದ್ದನೆಯ ಒಂದೇ ಕೇಬಲ್ಲನ್ನು ನೆಲದ ಮೇಲೆ ಹಾಸಿ, ಕಪ್ಲರ್ ಬಿಟ್ಟು ನೇರ ಕೂಡಿಸಿದೆ. 1400 ಬೈಟ್‌ನ 500 ಪಿಂಗ್, 500ಕ್ಕೆ 500 ಬಂದವು. ಹಳೆಯ ದಾರಿಗೆ ಮತ್ತೆ ಹಾಕಿದೆ, ಬಿದ್ದವು. ಹೊಸದಕ್ಕೆ ಹಾಕಿದೆ, ಬಂದವು. ಮೂರು ಸಲ. ಕಿಟಕಿ ತೆರೆದೇ ಇತ್ತು, ಎಸಿ ನಿಂತೇ ಇತ್ತು, ಬದಲಾದದ್ದು ಆ ಒಂದು ದಾರಿ ಮಾತ್ರ. ಆಮೇಲೆಯೇ "ಸಿಕ್ಕಿತು" ಎಂದು ಶಿರಸಿಗೆ ಫೋನ್ ಮಾಡಿದೆ.

ಇದರಲ್ಲಿ ಅಡ್ಮಿನ್ ಎಲ್ಲಿದ್ದಾನೆ

ಸಿಆರ್‌ಸಿ, ಟಿಸಿಪಿ ಇವನ್ನು ಯಾರು ಬೇಕಾದರೂ ಆರು ತಿಂಗಳಲ್ಲಿ ಕಲಿಯಬಹುದು. ನಾನು ಹುಡುಗರಲ್ಲಿ ನೋಡುವುದು ಬೇರೆ. "ಗೊತ್ತಿಲ್ಲ, ನೋಡಿ ಹೇಳ್ತೇನೆ" ಎನ್ನಲು ನಾಲಿಗೆ ಹೊರಳುತ್ತದಾ? ಸಾಲು ಬಾಗಿಲವರೆಗೆ ನಿಂತಿರುವಾಗ, ಮೇಲಿನವರು ಫೋನ್ ಮಾಡುತ್ತಿರುವಾಗ, ಐದು ನಿಮಿಷ ಏನೂ ಮುಟ್ಟದೆ ನೋಡಲು ಆಗುತ್ತದಾ? ಇದು ಬಹಳ ಕಷ್ಟ. ಏನಾದರೂ ಮಾಡುತ್ತಿರುವ ಹಾಗೆ ಕಾಣಬೇಕು ಎಂದು ಕೈ ತುರಿಸುತ್ತದೆ. ಹಾಗೆ ಕೈ ಹಾಕಿ ಒಂದೇ ಸಲ ಮೂರು ಬದಲಾವಣೆ ಮಾಡಿದವರು, ಸರಿಯಾದರೂ ಯಾವುದರಿಂದ ಆಯಿತು ಎಂದು ಹೇಳಲಾರರು.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಎಲ್ಲ ಸಲವೂ ಬೇರು ಹುಡುಕುತ್ತಾ ಕೂರಲು ಆಗುವುದಿಲ್ಲ. ಜನ ಕಾಯುತ್ತಿದ್ದರೆ ಮೊದಲು ಕೆಲಸ ನಡೆಯುವ ಹಾಗೆ ಮಾಡಿ, ರೀಸ್ಟಾರ್ಟ್ ಬೇಕಾದರೆ ರೀಸ್ಟಾರ್ಟೇ ಮಾಡಿ. ಆದರೆ ಅದಕ್ಕೂ ಮುಂಚೆ ಲಾಗ್ (ಯಂತ್ರ ತಾನೇ ಬರೆದಿಡುವ ದಾಖಲೆ) ತೆಗೆದಿಡಿ, ಪರದೆಯ ಫೋಟೋ ಹೊಡೆದಿಡಿ. ಡೈರಿಯಲ್ಲಿ "ಸರಿಯಾಯಿತು" ಎಂದು ಬರೆಯಬೇಡಿ. "ರೀಸ್ಟಾರ್ಟ್ ಆಗಿ 20 ನಿಮಿಷಕ್ಕೆ ಸ್ಲೋ ನಿಂತಿತು, ಕಾರಣ ಗೊತ್ತಿಲ್ಲ" ಎಂದು ಬರೆಯಿರಿ. ನನ್ನ ಡೈರಿ ಹಾಗಿದ್ದಿದ್ದರೆ ಎರಡನೇ ವಾರಕ್ಕೇ ಎಚ್ಚರ ಆಗುತ್ತಿತ್ತು.

ಇನ್ನೊಂದು ಕೊರತೆಯೂ ಅವತ್ತೇ ಕಂಡಿತು. ಸ್ವಿಚ್‌ನ ಲಾಗ್‌ನಲ್ಲಿ ಲಿಂಕ್ ಬಿದ್ದೆದ್ದ ದಾಖಲೆ ಮೊದಲ ವಾರದಿಂದಲೂ ಇತ್ತು. ಆದರೆ ಸ್ವಿಚ್‌ಗೆ ಗಡಿಯಾರ ಹೊಂದಿಸಿರಲಿಲ್ಲ, ತಾರೀಖು 1970ರಲ್ಲಿ ನಿಂತಿತ್ತು. ಯಾವ ಸೋಮವಾರದ್ದು ಎಂದು ಹೇಳಲು ಬರುವ ಹಾಗಿರಲಿಲ್ಲ. ಸ್ವಿಚ್, ರೌಟರ್, ಕ್ಯಾಮೆರಾ, ಎಲ್ಲಕ್ಕೂ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಹಾಕಿ ಗಡಿಯಾರ ಒಂದೇ ಮಾಡಿಡಿ. ಕರೆಂಟು ಪದೇ ಪದೇ ಹೋಗುವ ನಮ್ಮ ಕಡೆ ಕಂಪ್ಯೂಟರ್‌ಗಳಲ್ಲೂ ಇದೇ ತೊಂದರೆ. ಮದರ್‌ಬೋರ್ಡ್ ಮೇಲಿನ ಸಿಆರ್ 2032 ಬ್ಯಾಟರಿ ಸತ್ತರೆ ಕರೆಂಟು ಹೋಗಿ ಬಂದಾಗ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಆಗ ಸೈಟ್‌ಗಳು "ಸರ್ಟಿಫಿಕೇಟ್ ಸರಿ ಇಲ್ಲ" ಎನ್ನುತ್ತವೆ. "ಒಂದೇ ಕಂಪ್ಯೂಟರ್‌ನಲ್ಲಿ ಯಾವ ಸೈಟೂ ತೆರೆಯುತ್ತಿಲ್ಲ" ಎಂದರೆ ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿ.

ದುರಸ್ತಿ

ಕಾರವಾರದಲ್ಲಿ ಕಪ್ಲರ್ ತೆಗೆದು, ರೌಟರ್‌ನಿಂದ ಸ್ವಿಚ್‌ವರೆಗೆ 34 ಮೀಟರ್‌ನ ಒಂದೇ ಕ್ಯಾಟ್ 6 ಕೇಬಲ್ ಎಳೆದೆವು, ಕಿಟಕಿ ಬಿಟ್ಟು ಒಳಗೋಡೆಯ ಮೇಲಿಂದ. ತುದಿಗಳಿಗೆ 50 ಮೈಕ್ರೋಇಂಚ್ ಚಿನ್ನದ ಲೇಪದ ಕನೆಕ್ಟರ್ ಹಾಕಿದೆವು. ಕೇಬಲ್‌ನ ಎರಡೂ ತುದಿಗೆ ತಾರೀಖು, ಎಲ್ಲಿಂದ ಎಲ್ಲಿಗೆ ಎಂಬ ಚೀಟಿ ಅಂಟಿಸಿದೆವು. ಅಕ್ಕನಿಗೆ ಕಿಟಕಿ ತೆಗೆಯಬೇಡಿ ಎಂದು ಹೇಳಲಿಲ್ಲ. ಕೋಣೆಗೆ ಗಾಳಿ ಬೇಕು.

ಮುಂದಿನ ಸೋಮವಾರ ಕಾರವಾರದಿಂದ ಫೋನ್ ಬರಲಿಲ್ಲ. ಹತ್ತೂಕಾಲಿಗೆ ನಾನೇ ಮಾಡಿದೆ. ಕ್ಯಾಷಿಯರ್ ಮೇಡಂ ಹಾಳೆ ನೋಡಿ, ಬರೆಯಲು ಏನೂ ಇಲ್ಲ ಎಂದರು. ಇನ್ನೂ ನಾಲ್ಕು ಸೋಮವಾರ ಬರೆಯಿರಿ ಎಂದು ಕೇಳಿಕೊಂಡೆ. ಆ ವಾರವೇ ಕುಮಟಾ, ಅಂಕೋಲಾ ಶಾಖೆಗಳ ಕೇಬಲ್‌ಗಳನ್ನೂ ಕೈಯಿಂದ ಮುಟ್ಟುತ್ತಾ ತುದಿಯಿಂದ ತುದಿಗೆ ನೋಡಿ ಬಂದೆವು. ಅಂಕೋಲಾದಲ್ಲಿ, ಮೀಟರ್ ಬೋರ್ಡ್ ಹಿಂದೆ, ಅಂಥದ್ದೇ ಇನ್ನೊಂದು ಕಪ್ಲರ್ ಸಿಕ್ಕಿತು. ಒಂದು ತಂತಿಗೆ ಆಗಲೇ ಹಸಿರು ಹಿಡಿಯಲು ಶುರುವಾಗಿತ್ತು.